ತಟ್ಟೆ ಇಡ್ಲಿ ಮತ್ತು ತೀವ್ರ ಕಳವಳ

ಕ್ಯಾತ್ಸಂದ್ರದ ಇಡ್ಲಿ ಹೋಟೆಲಿನಲ್ಲಿ ಭಾನುವಾರ ಬೆಳಿಗ್ಗೆ ನನ್ನೆದುರು ಕೂರುವವರು ನಿವೃತ್ತ ಗ್ರಾಮ ಪಂಚಾಯಿತಿ ಕಾರ್ಯದರ್ಶಿಯೊಬ್ಬರು. ಮೂವತ್ತು ವರ್ಷ ನಡಾವಳಿ ಪುಸ್ತಕ ಬರೆದ ಕೈ. ಚರಂಡಿಯಿಂದ ಹಿಡಿದು ಬೀದಿನಾಯಿಯವರೆಗೆ ಯಾವ ಕಷ್ಟವನ್ನು ತಂದು ಮುಂದಿಟ್ಟರೂ "ಸಭೆಯು ಗಂಭೀರವಾಗಿ ಪರಿಗಣಿಸಿತು" ಎಂಬ ಮೂರು ಪದಗಳ ಜೋಗುಳ ಹಾಡಿ ಮಲಗಿಸಬಲ್ಲವರು.

ಹೋಟೆಲಿನ ಪತ್ರಿಕೆಯಲ್ಲಿ ಅವರ ಪಾಲಿನದು ವಿದೇಶ ಪುಟ. ಅದಕ್ಕೆ ಪೈಪೋಟಿ ಇಲ್ಲ. ಕ್ರೀಡೆಯ ಪುಟ, ಜಿಲ್ಲೆಯ ಪುಟ ಮೇಜಿನಿಂದ ಮೇಜಿಗೆ ಹೋಗಿ ಚಟ್ನಿಯ ಕಲೆ ಹೊತ್ತು ಮರಳುತ್ತವೆ. ವಿದೇಶ ಪುಟ ಮಾತ್ರ ಇಸ್ತ್ರಿ ಮಾಡಿಟ್ಟಂತೆ ಇರುತ್ತದೆ. ಮೊನ್ನೆ ಅದರ ಮೂಲೆಯಲ್ಲಿ ಯಾವುದೋ ದೂರದ ದೇಶದ ಸಂಸದರು ಮ್ಯಾನ್ಮಾರ್‌ನ ಸೇನಾಡಳಿತವನ್ನು ಮತ್ತೊಮ್ಮೆ ಖಂಡಿಸಿದ ಸುದ್ದಿಯಿತ್ತು.

"ಕರಡು ಚೆನ್ನಾಗಿದೆ" ಎಂದರು, ಸಾರಿನ ಉಪ್ಪು ನೋಡಿದ ಅಡುಗೆಭಟ್ಟರ ಧಾಟಿಯಲ್ಲಿ. "ನೋಡಿ ಸ್ವಾಮಿ, ಮೊದಲು ಕಳವಳ. ಬಗ್ಗದಿದ್ದರೆ ತೀವ್ರ ಕಳವಳ. ಆಮೇಲೆ ಖಂಡನೆ, ಅದರ ಮೇಲೆ ಕಟು ಶಬ್ದಗಳ ಖಂಡನೆ. ಒಂದೇ ಸಲಕ್ಕೆ ಕೊನೆಯ ಮೆಟ್ಟಿಲು ಹತ್ತಿಬಿಟ್ಟರೆ ಮುಂದಿನ ವರ್ಷಕ್ಕೆ ಏನು ಉಳಿಯಿತು?"

ಅನುಭವದ ಮಾತು. ಅವರ ಪಂಚಾಯಿತಿಯಲ್ಲಿ ಕೆರೆಯಂಗಳಕ್ಕೆ ಬೇಲಿ ಸುತ್ತಿದ ಮಹನೀಯರೊಬ್ಬರ ವಿರುದ್ಧ ಹನ್ನೊಂದು ಠರಾವುಗಳು ಪಾಸಾದವು. ಹನ್ನೊಂದನೆಯದರ ಹೊತ್ತಿಗೆ ಬೇಲಿ ಹೋಗಿ ಕಾಂಪೌಂಡು ಎದ್ದಿತ್ತು, ಒಳಗೆ ಅಡಿಕೆ ಫಸಲು ಕೊಡುತ್ತಿತ್ತು. ಅಂದಿನ ಸಭೆಗೆ ಬೋಂಡಾ, ಕಾಫಿ ಬಂದದ್ದೂ ಅದೇ ಕಾಂಪೌಂಡಿನ ಒಳಗಿನಿಂದ. ಬೋಂಡಾ ಬಿಸಿಯಾಗಿತ್ತಂತೆ.

ಮ್ಯಾನ್ಮಾರ್‌ನ ಬೇಲಿ ಕೆರೆಗೆ ಹಾಕಿದ್ದಲ್ಲ, ಸಂಸತ್ತಿಗೇ ಹಾಕಿದ್ದು. 2020ರ ನವೆಂಬರ್ ಚುನಾವಣೆಯಲ್ಲಿ ಪ್ರಜಾಪ್ರಭುತ್ವದ ಹೋರಾಟಗಾರ್ತಿ ಆಂಗ್ ಸಾನ್ ಸೂಕಿ ಅವರ ಪಕ್ಷ 476ರಲ್ಲಿ 396 ಸ್ಥಾನ ಗೆದ್ದಿತ್ತು. 2021ರ ಫೆಬ್ರುವರಿ 1ರಂದು ರಾಜಧಾನಿ ನೇಪಿಡೋದಲ್ಲಿ ಹೊಸ ಸಂಸತ್ತು ಸೇರಬೇಕಿತ್ತು. ಬೆಳಗಿನ ಜಾವಕ್ಕೇ ಸೇನೆ ಬಂತು. ಸಂಸತ್ತಿನ ದಾರಿಯಲ್ಲಿ ನಿಂತು ವ್ಯಾಯಾಮದ ವಿಡಿಯೊ ಮಾಡಿಕೊಳ್ಳುತ್ತಿದ್ದ ಶಿಕ್ಷಕಿಯೊಬ್ಬರ ಬೆನ್ನ ಹಿಂದೆ ಕಪ್ಪು ವಾಹನಗಳ ಸಾಲು ಹಾದುಹೋಯಿತು; ಆಕೆ ತಾಳ ತಪ್ಪದೆ ಕೈಕಾಲು ಆಡಿಸುತ್ತಲೇ ಇದ್ದರು. ಪಾಪ, ಹಿಂದೆ ಏನಾಗುತ್ತಿದೆ ಎಂಬುದು ಆಕೆಗೆ ಗೊತ್ತಿರಲಿಲ್ಲ. ಗೊತ್ತಿದ್ದ ಹೊರದೇಶದ ಸಂಸತ್ತುಗಳು ಅಲ್ಲಿಂದ ಮುಂದೆ ಅದೇ ತಾಳ ಹಿಡಿದವು: ಕೈ ಮೇಲೆ, ಕೈ ಕೆಳಗೆ, ಠರಾವು ಅಂಗೀಕಾರ.

ಇದರಲ್ಲಿ ಅಮೆರಿಕದ ಶಾಸಕರ ಪ್ರತಿಭೆಯೇ ಬೇರೆ. ಅವರು ಕಾಯ್ದೆಗಿಂತ ಮೊದಲು ಹೆಸರನ್ನು ಹೆರುತ್ತಾರೆ. ಬರ್ಮಾದ (ಮ್ಯಾನ್ಮಾರ್‌ನ ಹಳೆಯ ಹೆಸರು) ಮಾಣಿಕ್ಯ ಮತ್ತು ಜೇಡ್ ಎಂಬ ಹಸಿರು ಕಲ್ಲು ತಮ್ಮ ದೇಶಕ್ಕೆ ಬರದಂತೆ 2008ರಲ್ಲಿ ಕಾಯ್ದೆ ಮಾಡಿದರು. ಕಾಯ್ದೆಯ ಹೆಸರಿನಲ್ಲೂ ಜೇಡ್ ಇದೆ. ಅದು ಕಲ್ಲಲ್ಲ, 'ಜುಂಟಾಸ್ ಆ್ಯಂಟಿ ಡೆಮಾಕ್ರಟಿಕ್ ಎಫರ್ಟ್ಸ್' (ಸೇನಾಕೂಟದ ಪ್ರಜಾತಂತ್ರ ವಿರೋಧಿ ಯತ್ನಗಳು) ಎಂಬುದರ ಇಂಗ್ಲಿಷ್ ಮೊದಲಕ್ಷರಗಳು. ಎಷ್ಟು ರಾತ್ರಿ ನಿದ್ದೆಗೆಟ್ಟು ಜೋಡಿಸಿದರೋ! ಆ ಕಲ್ಲಿನ ದೊಡ್ಡ ಗಿರಾಕಿ ಪಕ್ಕದ ಚೀನಾ ಎಂಬುದು ಅಕ್ಷರ ಜೋಡಣೆಗೆ ಅಡ್ಡಿಯಾಗುವ ವಿಷಯವಲ್ಲ.

2022ರ ಡಿಸೆಂಬರಿನಲ್ಲಿ ಇನ್ನೊಂದು ಬಂತು. ಅದರ ಹೆಸರೇ ಬರ್ಮಾ ಕಾಯ್ದೆ. ಆ ಬರ್ಮಾವನ್ನು ಬಿಡಿಸಿದರೆ ಮೊದಲ ಪದ ಮತ್ತೆ ಬರ್ಮಾ. ಈರುಳ್ಳಿ ಸುಲಿದರೆ ಒಳಗೆ ಈರುಳ್ಳಿ. ದೈತ್ಯ ರಕ್ಷಣಾ ವೆಚ್ಚದ ಮಸೂದೆಯೊಂದರ ಕಂಕುಳಲ್ಲಿ ಕುಳಿತು ಪಾಸಾದ ಈ ಕಾಯ್ದೆ, ಸೇನೆಯನ್ನು ಎದುರಿಸುತ್ತಿರುವವರಿಗೆ 'ಮಾರಕವಲ್ಲದ' ನೆರವು ಕೊಡಬಹುದು ಎಂದಿತು. ಮೇಲಿನಿಂದ ಬೀಳುತ್ತಿದ್ದ ಬಾಂಬುಗಳಿಗೆ ಅಂಥ ವಿಶೇಷಣವೇನೂ ಇರಲಿಲ್ಲ.

ಬಿರುದು ಕೊಡುವ, ಕಸಿಯುವ ವ್ಯವಹಾರವಂತೂ ನಮ್ಮ ಊರಹಬ್ಬದ ವೇದಿಕೆಯನ್ನೂ ಮೀರಿಸುತ್ತದೆ. ಸೂಕಿ ಅವರಿಗೆ ಯುರೋಪಿನ ಸಂಸತ್ತು 1990ರಲ್ಲಿ ಮಾನವ ಹಕ್ಕುಗಳ ಹೋರಾಟಕ್ಕೆಂದಿರುವ ಸಖಾರೋವ್ ಪ್ರಶಸ್ತಿ ಕೊಟ್ಟಿತು. ಕೆನಡಾ 2007ರಲ್ಲಿ ಗೌರವ ಪೌರತ್ವ ಕೊಟ್ಟಿತು. 2017ರಲ್ಲಿ ಅದೇ ಸೇನೆಯ ಕಾರ್ಯಾಚರಣೆಗೆ ಬೆದರಿ ಏಳು ಲಕ್ಷಕ್ಕೂ ಹೆಚ್ಚು ರೋಹಿಂಗ್ಯಾಗಳು ಬಾಂಗ್ಲಾದೇಶಕ್ಕೆ ಓಡಿದಾಗ ಆಕೆ ಸೇನೆಯ ಪರ ನಿಂತರು. ಸಿಟ್ಟು ಬಂದದ್ದು ಸರಿಯೇ. ಕೆನಡಾದ ಸಂಸತ್ತು 2018ರಲ್ಲಿ ಪೌರತ್ವ ಹಿಂತೆಗೆದುಕೊಂಡಿತು. ಯುರೋಪಿನವರು 2020ರ ಸೆಪ್ಟೆಂಬರಿನಲ್ಲಿ ಸಖಾರೋವ್ ಪುರಸ್ಕೃತರ ಬಳಗದಿಂದ ಆಕೆಯನ್ನು ಹೊರಗಿಟ್ಟರು. ಐದು ತಿಂಗಳಿಗೆ ಸೇನೆ ಆಕೆಯನ್ನು ಒಳಗಿಟ್ಟಿತು. ಹೊರಗಿಟ್ಟವರೇ ಬಿಡುಗಡೆಗೆ ಠರಾವು ಬರೆಯಬೇಕಾಯಿತು. ಕೊಲೆಗಳಿಗೆ ಹೊಣೆಯಾದ, ಸೇನೆಯ ಆಗಿನ ದಂಡನಾಯಕ ಮಿನ್ ಆಂಗ್ ಲೈಂಗ್‌ಗೆ ಈ ತಾಪತ್ರಯವಿರಲಿಲ್ಲ. ಅವರಿಗೆ ಯಾರೂ ಪೌರತ್ವ ಕೊಟ್ಟಿರಲಿಲ್ಲ; ಕಸಿಯಲು ಏನಿದೆ?

2022ರ ಜುಲೈಯಲ್ಲಿ ಆ ಸರ್ಕಾರ ನಾಲ್ವರನ್ನು ಗಲ್ಲಿಗೇರಿಸಿತು. ಅವರಲ್ಲೊಬ್ಬರು ಫ್ಯೋ ಜೆಯಾ ಥಾ, ಹಾಡುಗಾರರಾಗಿದ್ದು ಸಂಸದರಾದವರು. ಒಬ್ಬ ಶಾಸಕನ ಕೊರಳಿಗೆ ಬಿದ್ದ ಹಗ್ಗಕ್ಕೆ ಜಗತ್ತಿನ ಶಾಸಕರು ಪ್ರತಿಕ್ರಿಯಿಸಿದ್ದು ಹೇಳಿಕೆಗಳಲ್ಲಿ. ಆ ಹೇಳಿಕೆಗಳ ಕರಡು ಹೇಗಿತ್ತೆಂದು ಕಾರ್ಯದರ್ಶಿಗಳು ಹೇಳಲಿಲ್ಲ. ಬೆಣ್ಣೆ ಕರಗಿ ಇಡ್ಲಿಯ ಅಂಚಿನಿಂದ ಇಳಿಯುವುದನ್ನು ನೋಡುತ್ತಾ ಕುಳಿತರು.

ಅವರನ್ನು ಮತ್ತೆ ಮಾತಿಗೆಳೆದದ್ದು 2025ರ ಜುಲೈನ ಪತ್ರ ವ್ಯವಹಾರ. ಅಮೆರಿಕದ ಅಧ್ಯಕ್ಷ ಟ್ರಂಪ್ ಮ್ಯಾನ್ಮಾರ್ ಸರಕಿಗೆ ಶೇ 40ರಷ್ಟು ಸುಂಕ ಹಾಕುವುದಾಗಿ ಮಿನ್ ಆಂಗ್ ಲೈಂಗ್ ಅವರಿಗೇ ಪತ್ರ ಬರೆದರು. ಬೇರೆ ಯಾರಾದರೂ ಆಗಿದ್ದರೆ ತಲೆ ಮೇಲೆ ಕೈಹೊತ್ತು ಕೂರುತ್ತಿದ್ದರು. ಈ ಮನುಷ್ಯ ಕೃತಜ್ಞತೆ ಸಲ್ಲಿಸಿ, ಟ್ರಂಪ್ ಅವರ ನಾಯಕತ್ವವನ್ನು ಹೊಗಳಿ ಉತ್ತರ ಬರೆದರು. ಅಷ್ಟು ವರ್ಷಗಳ ನಂತರ ವಿಳಾಸದಲ್ಲಿ ತನ್ನ ಹೆಸರು ಬಂತಲ್ಲ! ಸುಮಾರು ಎರಡು ವಾರಕ್ಕೆ ಸೇನೆಯ ಆಪ್ತರಾದ ಕೆಲವರ ಮೇಲಿನ ನಿರ್ಬಂಧವನ್ನು ಅಮೆರಿಕ ತೆಗೆದುಹಾಕಿತು. ಎರಡಕ್ಕೂ ಸಂಬಂಧವಿಲ್ಲ ಎಂದು ಅಧಿಕಾರಿಗಳು ಹೇಳಿದರು. "ಇದು ಬೋಂಡಾ ಕೇಸು" ಎಂದರು ಕಾರ್ಯದರ್ಶಿಗಳು.

ನಾನು ನಗುತ್ತಿದ್ದುದನ್ನು ಕಂಡು ಅವರು ಪತ್ರಿಕೆ ಮಡಿಸಿದರು. "ಹೊರಗಿನವರದ್ದಾಯಿತು. ನಮ್ಮವರು ಏನು ಬರೆದರು, ಅದನ್ನು ಕೇಳಿ."

ನಮ್ಮವರು ಬರೆದದ್ದು ಅಷ್ಟಕ್ಕಷ್ಟೇ. 2021ರ ಜೂನ್ 18ರಂದು ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ಸೇನಾಡಳಿತದ ವಿರುದ್ಧದ ನಿರ್ಣಯಕ್ಕೆ 119 ದೇಶಗಳು ಕೈ ಎತ್ತಿದವು. ವಿರೋಧಿಸಿದ್ದು ಬೆಲಾರೂಸ್ ಒಂದೇ. ತಟಸ್ಥರು 36, ಅವರಲ್ಲಿ ನಾವೂ ಇದ್ದೆವು. 2022ರ ಡಿಸೆಂಬರಿನಲ್ಲಿ ಭದ್ರತಾ ಮಂಡಳಿ ಮ್ಯಾನ್ಮಾರ್ ಕುರಿತು ನಿರ್ಣಯ ಮಾಡಿದಾಗ ಆ ತಿಂಗಳ ಅಧ್ಯಕ್ಷತೆ ಭಾರತದ್ದೇ. 12 ಮತ ಪರ, ಚೀನಾ, ರಷ್ಯಾ ತಟಸ್ಥ. ಅಧ್ಯಕ್ಷ ಪೀಠದಲ್ಲಿದ್ದ ನಾವೂ ತಟಸ್ಥ. ಕಾರ್ಯದರ್ಶಿಗಳ ಮುಖದಲ್ಲಿ ನಿಜವಾದ ಗೌರವ ಮೂಡಿದ್ದು ಇಲ್ಲಿಯೇ. ಮೂವತ್ತು ವರ್ಷದಲ್ಲಿ ಸಭೆಯ ಅಧ್ಯಕ್ಷರೇ ತಟಸ್ಥರಾದ ನಡಾವಳಿ ಬರೆಯುವ ಭಾಗ್ಯ ಅವರಿಗೆ ಸಿಕ್ಕಿರಲಿಲ್ಲ.

"ಗಡಿ ಇದೆ, ಈಶಾನ್ಯದ ರಾಜ್ಯಗಳಿವೆ, ಚೀನಾ ಇದೆ, ಕಾರಣಗಳಿರುತ್ತವೆ" ಎಂದೆ.

"ಉದ್ದೂ ಇದೆ" ಎಂದರು.

ಅದೂ ನಿಜ. ಆ ಮತದಾನ ನಡೆದ 2021ರ ಜೂನ್‌ನಲ್ಲಿಯೇ ಭಾರತ ಮ್ಯಾನ್ಮಾರ್ ಜೊತೆ ಒಪ್ಪಂದ ಮಾಡಿಕೊಂಡಿತು: ಐದು ವರ್ಷ, ವರ್ಷಕ್ಕೆ ಎರಡೂವರೆ ಲಕ್ಷ ಟನ್ ಉದ್ದು, ಒಂದು ಲಕ್ಷ ಟನ್ ತೊಗರಿ. ನಾವು ಹೊರಗಿನಿಂದ ತರಿಸುವ ಉದ್ದಿನಲ್ಲಿ ಹೆಚ್ಚಿನ ಪಾಲು ಅಲ್ಲಿಯದೇ. ಅಲ್ಲಿನ ಬಡ ರೈತ ಬೆಳೆದದ್ದು, ಕೊಳ್ಳಬೇಡಿ ಎನ್ನಲು ನನಗೂ ಬಾಯಿ ಬರುವುದಿಲ್ಲ. ಹಾಗೆಂದು ಯಾಂಗೂನ್ ಬಂದರಿನಿಂದ ಹೊರಟ ಮೂಟೆಯ ಮೇಲೆ ಕಳವಳದ ಸೀಲು ಇರುವುದೂ ಇಲ್ಲ.

ಹೋಟೆಲಿನ ಯಜಮಾನರನ್ನು ಕರೆದು ಉದ್ದು ಎಲ್ಲಿಯದು ಎಂದು ಕೇಳಿದೆ. ಗಲ್ಲಾದಿಂದ ತಲೆ ಎತ್ತದೆ, "ನಮ್ಮ ಕಡೆ ಬೆಳೆ ಆದ ವರ್ಷ ನಮ್ಮದು, ಆಗದಿದ್ದರೆ ಬರ್ಮಾದ್ದು. ನೆನೆಸಿ ರುಬ್ಬಿದ ಮೇಲೆ ಎಲ್ಲ ಒಂದೇ ಬಿಳುಪು ಸ್ವಾಮಿ" ಎಂದರು. ಆಮೇಲೆ ನಮ್ಮ ಮೇಜಿನ ಕಡೆ ನೋಡಿ, "ಇನ್ನೊಂದೊಂದು ಇಡ್ಲಿ ಹಾಕಿಸಲೇ?" ಎಂದು ಕೇಳಿದರು.

ಕಾರ್ಯದರ್ಶಿಗಳು ಹೌದು ಎನ್ನಲಿಲ್ಲ, ಬೇಡ ಎನ್ನಲಿಲ್ಲ. ತಟ್ಟೆಯನ್ನು ಎರಡಂಗುಲ ಮುಂದಕ್ಕೆ ಸರಿಸಿದರು. ನಾನೂ ಸರಿಸಿದೆ.