ಒಪ್ಪದೆ ಕೊಟ್ಟ ಒಂಬತ್ತು ಮಾರ್ಕ್ಸು

ಹೋದ ತಿಂಗಳು ಮಗಳು ಇಂಗ್ಲಿಷ್ ಪರೀಕ್ಷೆಯ ಉತ್ತರ ಪತ್ರಿಕೆ ತಂದು ಅಡುಗೆಮನೆ ಕಟ್ಟೆಯ ಮೇಲಿಟ್ಟಳು. ಇದ್ದದ್ದು ಒಂದೇ ಪ್ರಶ್ನೆ. ಕ್ಯಾಂಡಿ ಎಂಬ ಮುದುಕ ತನ್ನ ಮುದಿ ನಾಯಿಯನ್ನು ಗುಂಡಿಕ್ಕಿ ಕೊಲ್ಲಲು ಬೇರೆಯವರ ಕೈಗೆ ಕೊಟ್ಟದ್ದು ಸರಿಯೇ? ಅವಳು ಎರಡು ಪುಟ ಬರೆದಿದ್ದಳು. ಕೆಳಗೆ ಟೀಚರ್ ಬರೆದಿದ್ದರು: 'ನಾನು ಇದನ್ನು ಒಪ್ಪುವುದಿಲ್ಲ. ಆದರೆ ನಿನ್ನ ಮಾತಿಗೆ ಪುಸ್ತಕದಲ್ಲಿ ಆಧಾರ ಇದೆ.' 10ಕ್ಕೆ 9.

ಒಪ್ಪದವರು 9 ಕೊಡುತ್ತಾರಾ? ನಾನು ಆ ಸಾಲನ್ನು ಎರಡು ಸಲ ಓದಿದೆ.

ಪುಸ್ತಕ, ಜಾನ್ ಸ್ಟೈನ್‌ಬೆಕ್ ಬರೆದ 'ಆಫ್ ಮೈಸ್ ಅಂಡ್ ಮೆನ್'. 1937ರಲ್ಲಿ ಬಂದ ಕಿರು ಕಾದಂಬರಿ. ನಾವಿರುವ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಿಂದ ದಕ್ಷಿಣಕ್ಕೆ ಹೋದರೆ ಸಲೀನಾಸ್ ಸಿಗುತ್ತದೆ. ಸ್ಟೈನ್‌ಬೆಕ್ 1902ರಲ್ಲಿ ಹುಟ್ಟಿದ್ದು ಅಲ್ಲೇ. ಇನ್ನೂ ಕೆಳಗೆ ಸೊಲೆಡಾಡ್ ಅಂತ ಊರು. ಅದರ ಹತ್ತಿರದ ಹೊಳೆ ದಂಡೆಯಲ್ಲಿ ಕಥೆ ಶುರು. ಜಾರ್ಜ್ ಮತ್ತು ಲೆನ್ನಿ ಊರೂರು ತಿರುಗಿ ದುಡಿಯುವ ಕೂಲಿಗಳು. ಊಟ, ಮಲಗುವ ಜಾಗ ಕೊಟ್ಟು ತಿಂಗಳಿಗೆ 50 ಡಾಲರ್ ಸಂಬಳ. ಸ್ವಂತದ್ದೊಂದು ತುಂಡು ಹೊಲ ಬೇಕು ಅನ್ನುವುದು ಅವರ ಆಸೆ. ಹೊಲದ ಬೆಲೆ 600. ಕ್ಯಾಂಡಿಯೂ ತನ್ನ ದುಡ್ಡು ಹಾಕುತ್ತೇನೆ, ನನ್ನನ್ನೂ ಸೇರಿಸಿಕೊಳ್ಳಿ ಅನ್ನುತ್ತಾನೆ. ಅವನ ಬಳಿ ಇರುವ ದುಡ್ಡಿನಲ್ಲಿ 250 ಡಾಲರ್, ಅವರೆಲ್ಲ ಈಗ ಕೂಲಿಗಿರುವ ಜಾಗದಲ್ಲೇ ಕೆಲಸ ಮಾಡುವಾಗ ಕೈ ಹೋದದ್ದಕ್ಕೆ ಕೊಟ್ಟ ಪರಿಹಾರ.

ಮಗಳು ಮಲಗಿದ ಮೇಲೆ ಅವಳ ಪುಸ್ತಕ ತೆರೆದೆ. ನಾಯಿಯ ಪುಟಗಳ ಅಂಚೆಲ್ಲ ಪೆನ್ಸಿಲ್ ಗುರುತು. ಕಾರ್ಲ್‌ಸನ್ ಎಂಬ ಇನ್ನೊಬ್ಬ ಕೂಲಿ ನಾಯಿಯನ್ನು ಹೊರಗೆ ಕರೆದೊಯ್ದಿದ್ದಾನೆ. ಒಳಗೆ ಉಳಿದ ಕೂಲಿಗಳು ಕಾಯುತ್ತಿದ್ದಾರೆ. ಯಾರಿಗೂ ಮಾತು ಬರುತ್ತಿಲ್ಲ. ನೆಲದ ಹಲಗೆಯ ಕೆಳಗೆ ಏನೋ ಕಚ್ಚುವ ಸದ್ದು. ಆ ಪುಟಗಳಲ್ಲಿ 'ಮೌನ' ಎಂಬ ಪದ ಬಂದಲ್ಲೆಲ್ಲ ಅವಳು ಸುತ್ತು ಹಾಕಿದ್ದಳು. ಆಮೇಲೆ ದೂರದಲ್ಲಿ ಗುಂಡಿನ ಸದ್ದು. ಕ್ಯಾಂಡಿ ನಿಧಾನಕ್ಕೆ ಗೋಡೆ ಕಡೆ ಹೊರಳಿ ಮಲಗುತ್ತಾನೆ. ಅಂಚಿನಲ್ಲಿ ಮಗಳ ಪ್ರಶ್ನೆ: 'ಯಾರೂ ಯಾಕೆ ಬೇಡ ಅನ್ನಲಿಲ್ಲ?'

ಇಷ್ಟಕ್ಕೇ ಟೀಚರ್ ಕ್ಲಾಸಿನಲ್ಲಿ ಎರಡು ದಿನ ಕೊಟ್ಟರಂತೆ. ಮಕ್ಕಳೆಲ್ಲ ದುಂಡಗೆ ಕೂತು ಮಾತಾಡಿದ್ದು. ಒಬ್ಬ ಹುಡುಗ ಕಾರ್ಲ್‌ಸನ್ ಪರ ನಿಂತನಂತೆ, ನಾಯಿ ನರಳುತ್ತಿತ್ತಲ್ಲ ಅಂತ. ಇನ್ನೊಬ್ಬಳು, ವಯಸ್ಸಾದ ಮೇಲೆ ಕ್ಯಾಂಡಿಗೂ ಅದೇ ಗತಿ, ಅದಕ್ಕೇ ಅವನಿಗೆ ಭಯ ಅಂದಳಂತೆ. ಟೀಚರ್ ಆಡಿದ್ದು ಕಮ್ಮಿ.

ನನಗೆ ಹೊಟ್ಟೆಕಿಚ್ಚಾಯಿತು. ನಾವು ಓದಿದ್ದು ಹೇಗೆ? 'ಈ ವಾಕ್ಯವನ್ನು ಇಂಥವರು ಬರೆದ ಇಂಥ ಪಾಠದಿಂದ ಆರಿಸಿಕೊಳ್ಳಲಾಗಿದೆ.' ಆಮೇಲೆ ಸಂದರ್ಭ, ಆಮೇಲೆ ಸ್ವಾರಸ್ಯ. ಸ್ವಾರಸ್ಯವನ್ನೂ ಮಾಸ್ತರರೇ ಹೇಳಿ ಬರೆಸುತ್ತಿದ್ದರು! ನಮಗೆ ಏನನ್ನಿಸಿತು ಅಂತ ಹತ್ತು ವರ್ಷದಲ್ಲಿ ಒಬ್ಬರೂ ಕೇಳಲಿಲ್ಲ. ನೋಟ್ಸ್ ಬಿಟ್ಟು ಒಂದು ಸಾಲು ಜಾಸ್ತಿ ಬರೆದರೆ ಕೆಂಪು ಗೆರೆ.

ರಾಯಚೂರಿನಲ್ಲಿರುವ ಅಕ್ಕನಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ಅವಳು ಹೈಸ್ಕೂಲಿನಲ್ಲಿ ಪಾಠ ಮಾಡುತ್ತಾಳೆ. "ತಮ್ಮಾ, ನನ್ನ ಕ್ಲಾಸಿನಾಗ 68 ಮಂದಿ ಅದಾರ. ಎಲ್ಲಾರೂ ಎರಡೆರಡು ಪುಟ ತಮಗ ತಿಳಿದದ್ದು ಬರದ್ರ ನಾ ಯಾವಾಗ ತಿದ್ದಲಿ? ಸಿಲಬಸ್ ಯಾರು ಮುಗಸ್ತಾರ?" ಅಂದಳು. ಇದು ನೆಪ ಅಂತ ನನಗನ್ನಿಸಿತು. ಹಾಗೇ ಅಂದುಬಿಟ್ಟೆ. ಅಕ್ಕ ಫೋನ್ ಇಟ್ಟಳು.

ನನ್ನ ಸಿಟ್ಟಿಗೆ ಬೇರೆ ಕಾರಣ ಇತ್ತು. ನಾನು ದೇವದುರ್ಗ ತಾಲ್ಲೂಕಿನವನು. ಏಳನೇ ಕ್ಲಾಸಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಹುಡುಗ ದೀಪಾವಳಿ ಆದ ಮೇಲೆ ಬರಲಿಲ್ಲ. ಅವನ ಮನೆ ಊರಾಚೆ ಕೇರಿಯಲ್ಲಿ. ಹೋಗಿ ನೋಡಿದರೆ ಬಾಗಿಲಿಗೆ ಮುಳ್ಳುಕಂಟಿ. ಆ ವರ್ಷ ಮಳೆ ಕೈಕೊಟ್ಟಿತ್ತು. ಮನೆಮಂದಿಯೆಲ್ಲ ಹೈದರಾಬಾದಿಗೆ, ಕಟ್ಟಡದ ಕೆಲಸಕ್ಕೆ ಹೋಗಿದ್ದರು. ಹಾಜರಿಯಲ್ಲಿ ಅವನ ಹೆಸರು ಬಂದರೆ ಹಿಂದಿನಿಂದ ಯಾರೋ "ಗುಳೇ ಹೋಗ್ಯಾನ್ರೀ ಸರ್" ಅನ್ನುವರು. ಮಾಸ್ತರರು ಮುಂದಿನ ಹೆಸರು ಕರೆಯುವರು. ಅದೇ ತಿಂಗಳು ದುಡಿಮೆಯ ಮೇಲೊಂದು ಪದ್ಯ ಇತ್ತು. ಅದರ ಸಾರಾಂಶ ಐದು ವಾಕ್ಯದಲ್ಲಿ ಬರೆದೆವು. ಪಕ್ಕದ ಖಾಲಿ ಜಾಗ ಆ ಪದ್ಯಕ್ಕೆ ಸೇರಿದ್ದು ಅಂತ ನಮಗೆ ಯಾರೂ ತೋರಿಸಲಿಲ್ಲ.

ಇಲ್ಲಿ ಹಾಗಲ್ಲ, ಇಲ್ಲಿ ಪುಸ್ತಕವನ್ನು ಬದುಕಿಗೆ ಹಚ್ಚಿ ಓದಿಸುತ್ತಾರೆ ಅಂದುಕೊಂಡು ಒಂದು ಶನಿವಾರ ಮಗಳನ್ನು ಸಲೀನಾಸ್ ಕಣಿವೆಗೆ ಕರೆದುಕೊಂಡು ಹೋದೆ. ಹೆದ್ದಾರಿಯ ಎರಡೂ ಕಡೆ ಲೆಟಿಸ್ ಸೊಪ್ಪಿನ ಹೊಲ. ಸಾಲಾಗಿ ಬಗ್ಗಿ ನಿಂತ ಕೂಲಿಗಳು. ಮುಖಕ್ಕೆ ಬಟ್ಟೆ, ತಲೆಗೆ ಟೋಪಿ, ದಂಡೆಯಲ್ಲಿ ಅವರನ್ನು ಕರೆತಂದ ಹಳೇ ಬಸ್ಸು. ಹೆಚ್ಚಿನವರು ಮೆಕ್ಸಿಕೊ ಕಡೆಯವರು. "ಇವರ ಬಗ್ಗೆ ಕ್ಲಾಸಲ್ಲಿ ಏನು ಮಾತಾಡಿದಿರಿ?" ಅಂದೆ. ಮಗಳು ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡಿದಳು. "ಇವರ ಬಗ್ಗೆ ಏನೂ ಇಲ್ಲಪ್ಪಾ" ಅಂದಳು.

ಸೊಲೆಡಾಡ್ ಅಂದರೆ ಸ್ಪ್ಯಾನಿಷ್‌ನಲ್ಲಿ ಒಂಟಿತನ. ಅಲ್ಲಿ ಕಾರು ನಿಲ್ಲಿಸಿ ಬುತ್ತಿ ಬಿಚ್ಚಿದೆವು. ಮಗಳು ತನಗಿಷ್ಟವಾದ ಜಾಗ ಓದಿ ತೋರಿಸಿದಳು. ಲೆನ್ನಿಗೆ ಏನೂ ನೆನಪಿರುವುದಿಲ್ಲ. ಆದರೆ ಹೊಲ, ಮೊಲ, ತಮ್ಮದೇ ಮನೆ ಅನ್ನುವ ಆ ಕನಸಿನ ಮಾತನ್ನು ಮಾತ್ರ ಜಾರ್ಜ್ ಬಾಯಿಂದ ಮತ್ತೆ ಮತ್ತೆ ಹೇಳಿಸುತ್ತಾನೆ. ನಿನಗೇ ಬಾಯಿಪಾಠ ಆಗಿದೆಯಲ್ಲ, ನೀನೇ ಹೇಳು ಅನ್ನುತ್ತಾನೆ ಜಾರ್ಜ್.

ಬಾಯಿಪಾಠ. ಆ ಪದ ಕೇಳಿ ಅಕ್ಕನ ಜೊತೆ ಜಗಳ ಆಡಿದ್ದು ನೆನಪಾಯಿತು. ಈ ದೇಶದಲ್ಲಿ ನನ್ನ ಮೊದಲ ಚಳಿಗಾಲ, ಒಬ್ಬನೇ ಇದ್ದಾಗ, ಬಾಯಿಗೆ ಬರುತ್ತಿದ್ದದ್ದು ಮಾಸ್ತರರು ಕಿವಿ ಹಿಂಡಿ ಕಲಿಸಿದ ವಚನಗಳೇ. ಇದನ್ನು ಅಕ್ಕನಿಗೆ ಹೇಳಿರಲಿಲ್ಲ.

ಆ ಗೆಳೆಯನ ಕಥೆಯನ್ನೂ ಪೂರ್ತಿ ಹೇಳಿರಲಿಲ್ಲ. ಯುಗಾದಿಗೆ ಮುಂಚೆ, ಪರೀಕ್ಷೆಗೆ ಅಂತ ಅವನು ವಾಪಸ್ ಬಂದ. ಮಾಸ್ತರರು ಎಬ್ಬಿಸಿ "ಪದ್ಯ ಹೇಳು ನೋಡೋಣ" ಅಂದರು. ಬರುವುದಿಲ್ಲ ಅಂತಲೇ ಎಲ್ಲರ ಲೆಕ್ಕ. ಅವನು ಕೈಕಟ್ಟಿ ನಿಂತು ದುಡಿಮೆಯ ಆ ಪದ್ಯವನ್ನು ಮೊದಲಿನಿಂದ ಕೊನೆಯವರೆಗೆ ಒಂದಕ್ಷರ ತಪ್ಪದೆ ಹೇಳಿದ. ಪುಸ್ತಕ ಜೊತೆಗೇ ಒಯ್ದಿದ್ದ. ಅದರ ಮೂಲೆಗೆ ಸಿಮೆಂಟು ಮೆತ್ತಿಕೊಂಡು ಕಲ್ಲಾಗಿತ್ತು.

"ಕೂಡು" ಅಂದರು ಮಾಸ್ತರರು. ನಾನು ಪಾಟೀಚೀಲ ಸರಿಸಿ ಜಾಗ ಮಾಡಿಕೊಟ್ಟೆ.