ಥರ್ಮಾಕೋಲಿನ ವಿಶ್ವಪ್ರಜ್ಞೆ

ಮೈಸೂರಿನಲ್ಲಿ ಮತ್ತೊಂದು ಅಂತಾರಾಷ್ಟ್ರೀಯ ಸಮಕಾಲೀನ ಕಲಾ ಪ್ರದರ್ಶನ ಮುಗಿಯಿತು. ಸಚಿವರು ತಡವಾಗಿ ಬಂದು ದೀಪ ಬೆಳಗಿದ ಫೋಟೊ ನೀವೂ ನೋಡಿರುತ್ತೀರಿ. ಆಹ್ವಾನಪತ್ರಿಕೆಯಲ್ಲಿ ಹನ್ನೆರಡು ದೇಶ. ಹನ್ನೊಂದು ವಾಟ್ಸ್‌ಆ್ಯಪ್‌ನಲ್ಲಿ ಬಂದವು, ಹನ್ನೆರಡನೆಯದು ಇದೇ ಊರಿನ ಗೋಕುಲಂ ಬಡಾವಣೆಯಿಂದ ಆಟೊದಲ್ಲಿ. ಯೋಗ ಕಲಿಯಲು ಬಂದ ಬಿಳಿಯರೊಬ್ಬರನ್ನು ಕೆಫೆಯಿಂದ ಎಬ್ಬಿಸಿ ತಂದು ಮೈಸೂರು ಪೇಟ ತೊಡಿಸಿದರೆ ವಿದೇಶಿ ಕಲಾವಿದರು ಸಿದ್ಧ.

ವಾಟ್ಸ್‌ಆ್ಯಪ್‌ ಚಿತ್ರ, ಎಚ್‌ಡಿ ಆಯ್ಕೆ ಒತ್ತದೆ ಕಳಿಸಿದರೆ, ಅಗಲಕ್ಕೆ 1600 ಪಿಕ್ಸೆಲ್ ಇದ್ದರೆ ಹೆಚ್ಚು. ಅದನ್ನು ನಾಲ್ಕಡಿಗೆ ಹಿಗ್ಗಿಸಿದರೆ ಇಂಚಿಗೆ 33 ಚುಕ್ಕಿ; ಹತ್ತಿರ ನಿಂತು ನೋಡುವ ಕೃತಿಗೆ 150 ಆದರೂ ಬೇಕು. ‘ಸಾರ್, ಒಡೆಯುತ್ತೆ’ ಎಂದ ಫ್ಲೆಕ್ಸ್ ಅಂಗಡಿ ಹುಡುಗ. ‘ಒಡೀಲಿ ಬಿಡಪ್ಪ, ಸಮಕಾಲೀನ ಅಲ್ವಾ’ ಎಂದರು ಸಂಚಾಲಕರು. ಮೂಲಕೃತಿ ತರಿಸುವುದು ಯಾರಿಗೆ ಬೇಕು? ಅದು ಬರುವ ಪೆಟ್ಟಿಗೆಯ ಮರ ತಿರುಳಿನವರೆಗೂ 56 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಕಾದಿರಬೇಕು ಅಥವಾ ಅಂಥದೇ ಉಪಚಾರ ಆಗಿರಬೇಕು, ಅದರ ಮುದ್ರೆ ಇರಬೇಕು. ಇಲ್ಲದಿದ್ದರೆ ಹುಳದ ಭಯಕ್ಕೆ ಬಂದರಿನಲ್ಲೇ ತಡೆಯುತ್ತಾರೆ. ಹಾರ ತುರಾಯಿಗಿರುವ ದುಡ್ಡು ಇದಕ್ಕಿಲ್ಲ.

ಬಾಗಿಲಲ್ಲಿ ಐದಡಿಯ ಥರ್ಮಾಕೋಲ್ ಭೂಗೋಳ, ಹೆಸರು ‘ಗಡಿಗಳಿಲ್ಲದ ಜಗತ್ತು’. ಸಮುದ್ರಕ್ಕೆಂದು ನೀಲಿ ಸ್ಪ್ರೇ ಪೇಂಟ್ ಹೊಡೆದರು. ಸ್ಪ್ರೇಯಲ್ಲಿರುವ ದ್ರಾವಕ ಥರ್ಮಾಕೋಲನ್ನು ತಿಂದುಹಾಕುತ್ತದೆ. ಮೊದಲು ಫೆವಿಕಾಲ್‌ನಲ್ಲಿ ಅದ್ದಿದ ಕಾಗದ ಎರಡು ಪದರ ಅಂಟಿಸಿ, ಚೆನ್ನಾಗಿ ಒಣಗಿಸಿ, ಆಮೇಲೆ ನೀರಿನ ಅಕ್ರಿಲಿಕ್ ಬಳಿಯಬೇಕು. ಬೆಳಗಾಗುವಷ್ಟರಲ್ಲಿ ಪೆಸಿಫಿಕ್‌ನಲ್ಲಿ ತೂತು. ಅದನ್ನು ಮುಚ್ಚಲು ಫ್ಲೆಕ್ಸ್ ಭೂಪಟವನ್ನೇ ಸುತ್ತಿದರು. ಚಪ್ಪಟೆ ನಕ್ಷೆ ಗೋಳದ ಮೇಲೆ ಕೂರಬೇಕಾದರೆ ತುದಿ ಚೂಪಾದ 12 ಪಟ್ಟಿ, ತಲಾ 30 ಡಿಗ್ರಿಯಂತೆ ಕತ್ತರಿಸಬೇಕು. ಕತ್ತರಿಸಲಿಲ್ಲ. ನಾರ್ವೆ, ಸ್ವೀಡನ್, ಗ್ರೀನ್‌ಲ್ಯಾಂಡ್ ಎಲ್ಲ ಮಡಿಕೆಯೊಳಗೆ ಹೋದವು. ಗಡಿಗಳಂತೂ ನಿಜವಾಗಿಯೂ ಅಳಿಸಿಹೋದವು.

ಹಾಗೆ ನೋಡಿದರೆ ಈ ಊರಿಗೆ ಹೊರದೇಶ ಹೊಸದಲ್ಲ. 1912ರಲ್ಲಿ ಮುಗಿದ ಅರಮನೆಯ ವಿನ್ಯಾಸ ಬ್ರಿಟಿಷ್ ವಾಸ್ತುಶಿಲ್ಪಿ ಹೆನ್ರಿ ಇರ್ವಿನ್‌ದು. ಕಲ್ಯಾಣಮಂಟಪದ ಬಣ್ಣದ ಗಾಜು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ತಯಾರಾದದ್ದು. ಅದರ ನವಿಲು ಬರೆದುಕೊಟ್ಟವರು ಮೈಸೂರಿನ ಕಲಾವಿದರು. ‘ಅಂತಾರಾಷ್ಟ್ರೀಯ’ ಅಂತ ಯಾರೂ ಬ್ಯಾನರ್ ಕಟ್ಟಲಿಲ್ಲ.

ನಿಕೊಲಸ್ ರೋರಿಕ್ ಕಥೆ ಇನ್ನೂ ಮಜ. ರಷ್ಯಾದಲ್ಲಿ ಹುಟ್ಟಿದ ಚಿತ್ರಕಾರ. ಯುದ್ಧ ಬಂದರೂ ಯಾವ ದೇಶದ ಕಲೆಯೂ ಹಾಳಾಗಬಾರದೆಂದು ಹಟ ಹಿಡಿದರು. 1935ರಲ್ಲಿ ವಾಷಿಂಗ್ಟನ್‌ನಲ್ಲಿ ಸಹಿಯಾದ ಒಪ್ಪಂದಕ್ಕೆ ಅವರದೇ ಹೆಸರು. ನಮ್ಮ ಸರ್ಕಾರ 1972ರ ಕಾಯ್ದೆಯಡಿ ರವಿವರ್ಮನ ಜೊತೆಗೆ ಅವರ ಚಿತ್ರಗಳನ್ನೂ ಕಲಾನಿಧಿಯೆಂದು ಘೋಷಿಸಿತು. ಈಗ ಭಾರತದಲ್ಲಿರುವ ಆ ಚಿತ್ರಗಳನ್ನು ದೇಶದ ಹೊರಗೆ ಮಾರುವಂತಿಲ್ಲ. ವಿಶ್ವಮಾನವರಿಗೆ ಪಾಸ್‌ಪೋರ್ಟೇ ಇಲ್ಲ! ಅಂತಾರಾಷ್ಟ್ರೀಯತೆಯ ಅರ್ಥ ಹುಡುಕಲು ಇದಕ್ಕಿಂತ ಒಳ್ಳೆಯ ಇನ್‌ಸ್ಟಾಲೇಷನ್ ಬೇಕೆ?

ಇಲ್ಲಿ ಮೊಳೆ ಹೊಡೆದವರು, ರಾತ್ರಿಯಿಡೀ ಫಲಕ ಅಂಟಿಸಿದವರು ಕಲಾ ಕಾಲೇಜಿನ ಮಕ್ಕಳು. ಸಿಕ್ಕಿದ್ದು ಒಂದು ಪ್ರಮಾಣಪತ್ರ, ಅದರಲ್ಲೂ ಹೆಸರು ತಪ್ಪು. ಗೆಸ್ಸೊ ಎಂಬ ಪುಡಿ-ಅಂಟಿನ ಲೇಪದ ಉಬ್ಬಿನ ಮೇಲೆ ಚಿನ್ನದ ರೇಕು ಕೂರಿಸಲು ವಾರಗಟ್ಟಲೆ ಬಗ್ಗಿ ಕೂರುವ ಮೈಸೂರು ಶೈಲಿಯ ಚಿತ್ರಕಾರರಿಗೆ ಪಾರ್ಕಿಂಗ್ ಪಕ್ಕ ಒಂದು ಮೇಜು. ಗೌರವಧನ ಕೇಳಿದರೆ ‘ಬಿಲ್ ಪಾಸಾಗಬೇಕು’ ಎಂಬ ಉತ್ತರ. ಫ್ಲೆಕ್ಸ್ ಬಿಲ್ ಹೇಗೆ ಪಾಸಾಯಿತು? ಶಾಮಿಯಾನದ್ದು? ಪ್ರತಿ ಸಲ ಇದೇ, ಕೇಳಿ ಕೇಳಿ ಸಾಕಾಗಿದೆ.

ಮುಂದಿನ ವರ್ಷ ಇಪ್ಪತ್ತು ದೇಶವಂತೆ. ಮೊದಲು ಈ ವರ್ಷದ ಬಾಕಿ ಕೊಡಿ ಸ್ವಾಮಿ.