ಕೈ ಹೋದವನು, ಕೈ ಮಾಡಿದವನು

ದಾವಣಗೆರೆಯಲ್ಲಿ ಎಂಥ ದೊಡ್ಡ ವಿಷಯವೂ ಕೊನೆಗೆ ಮಂಡಕ್ಕಿ, ಮೆಣಸಿನಕಾಯಿ ಮುಂದೆಯೇ ತೀರ್ಮಾನ ಆಗಬೇಕು. ಮೊನ್ನೆ ಸಂಜೆ ನಮ್ಮ ಓಣಿಯ ಅಣ್ಣ ಒಬ್ಬರು ಅಂಗಡಿ ಮುಂದೆ ಎಡಗೈಯಲ್ಲಿ ಮಂಡಕ್ಕಿ ತಿನ್ನಲು ಒದ್ದಾಡುತ್ತಿದ್ದರು. ಬಲಗೈಯ ತೋರುಬೆರಳನ್ನು ಅಕ್ಕಿ ಮಿಲ್ಲಿನ ಬೆಲ್ಟು ಬುಡಸಮೇತ ತೆಗೆದುಕೊಂಡಿದೆ.

"ಪರಿಹಾರ ಎಷ್ಟು ಬರಬಹುದು ಸಾರ್?" ಅಂದರು.

ಬೆರಳಿಗೂ ರೇಟಿನ ಪಟ್ಟಿ ಇದೆ ಅಂದರೆ ಎಪಿಎಂಸಿಯಲ್ಲಿ ಮೆಕ್ಕೆಜೋಳ ಮಾರುವ ನಮ್ಮೂರಿಗೆ ಅಷ್ಟೇನೂ ಆಶ್ಚರ್ಯ ಆಗಲಿಕ್ಕಿಲ್ಲ. ಕೆಲಸದಲ್ಲಿ ಪೆಟ್ಟಾದವರಿಗೆ ಮಾಲೀಕರಿಂದ ದುಡ್ಡು ಕೊಡಿಸುವ 1923ರ ಪರಿಹಾರ ಕಾಯ್ದೆಯ ಬೆನ್ನಿಗೇ ಆ ಪಟ್ಟಿ ಇತ್ತು. ತೋರುಬೆರಳು ಪೂರ್ತಿ ಹೋದರೆ ದುಡಿಯುವ ಶಕ್ತಿಯಲ್ಲಿ ನೂರಕ್ಕೆ 14 ಹೋಯಿತು ಅಂತ ಲೆಕ್ಕ. ನಡುಬೆರಳು 12. ಉಂಗುರದ ಬೆರಳು, ಕಿರುಬೆರಳು ತಲಾ 7. ಹೆಬ್ಬೆರಳು 30. ಹೆಬ್ಬೆಟ್ಟು ಒತ್ತಿಸಿಕೊಂಡೇ ನಡೆಯುವ ನಾಡು ನೋಡಿ, ಅದಕ್ಕೆ ಜಾಸ್ತಿ ರೇಟು ಇರಬೇಕಾದ್ದೇ! ತೋರುಬೆರಳಿನ ತುದಿ ಮಾತ್ರ ಕತ್ತರಿಸಿ ಮೂಳೆ ಉಳಿದರೆ ಬರೀ 5. ಬೆಲ್ಟಿಗೆ ಇದೆಲ್ಲ ಗೊತ್ತಿರಲಿಲ್ಲ, ಧಾರಾಳವಾಗಿ ತಿಂದಿದೆ.

2025ರ ನವೆಂಬರ್ 21ರಿಂದ ಹಳೇ ಕಾಯ್ದೆಯ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದು ಕೂತಿದೆ. ಹೆಸರು ಭಾರಿ ಆಯಿತು. ಬೆರಳಿನ ರೇಟು ಅಷ್ಟೇ ಇದೆ.

ಪೊಟ್ಟಣದ ಕಾಗದದ ಮೇಲೇ ಲೆಕ್ಕ ಹಾಕಿದೆ. ವಯಸ್ಸು 40, ತಿಂಗಳ ಸಂಬಳ 12,000. ಕಾನೂನಿನ ಲೆಕ್ಕಕ್ಕೆ ಅದರಲ್ಲಿ ನೂರಕ್ಕೆ 60 ಅಂದರೆ 7,200. 40ರ ವಯಸ್ಸಿಗೆ ಕಾನೂನು ಕೊಟ್ಟ ಅಂಕಿ 184.17. ಎರಡನ್ನೂ ಗುಣಿಸಿ, ಬಂದದ್ದರಲ್ಲಿ ನೂರಕ್ಕೆ 14 ತೆಗೆದರೆ 1,85,643 ರೂಪಾಯಿ. ಪೈಸೆ ನಾನೇ ಬಿಟ್ಟೆ.

ಅಣ್ಣ ಮಂಡಕ್ಕಿ ಕೆಳಗಿಟ್ಟರು. "ಸಾವ್ಕಾರ್ರು ಇಪ್ಪತ್ತು ಸಾವಿರ ಕೈಗಿಟ್ಟು, ಮುಗೀತು ಹೋಗಪ್ಪ ಅಂದ್ರಲ್ಲ ಸಾರ್!"

ಒಂದು ತಿಂಗಳೊಳಗೆ ಪರಿಹಾರ ಕೊಡಬೇಕು, ತಡ ಆದರೆ ಬಡ್ಡಿ ಸೇರಿಸಬೇಕು. ಆದರೆ ಕೊಡದಿದ್ದರೆ ಕೇಸು ಹಾಕಬೇಕಲ್ಲ? ಕೇಸಿಗೆ ವಕೀಲರು ಬೇಕಲ್ಲ? ಅದಕ್ಕೂ ಕಾನೂನು ಇದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಸೆಕ್ಷನ್ 12 ಪ್ರಕಾರ ಕೈಗಾರಿಕಾ ಕಾರ್ಮಿಕನಿಗೆ ಪುಕ್ಕಟೆ ವಕೀಲರು. ನೀನು ಕಾರ್ಮಿಕ ಅಂತ ತೋರಿಸಿದರೆ ಸಾಕು.

ತೋರಿಸುವುದು ಹೇಗೆ? ಹಾಜರಿ ಪುಸ್ತಕದಲ್ಲಿ ಅಣ್ಣನ ಹೆಸರಿಲ್ಲ. ಹತ್ತು ಜನ ಆದರೆ ಮಾಲೀಕರು ಇಎಸ್‌ಐ ಅನ್ನುವ ಕಾರ್ಮಿಕರ ವಿಮೆ ಕಟ್ಟಬೇಕು. ಹಾಗಾಗಿ ಆ ಮಿಲ್ಲಿನ ಪುಸ್ತಕ ಒಂಬತ್ತಕ್ಕೇ ಸುಸ್ತಾಗಿ ನಿಂತುಬಿಡುತ್ತದೆ. ಬಟವಾಡೆ ದಿನ ಸಾಲಿನಲ್ಲಿ ಮಾತ್ರ ಇಪ್ಪತ್ತೆರಡು ಜನ. ಇವರು ಅಲ್ಲಿ ದುಡಿದರು ಅನ್ನುವುದಕ್ಕೆ ಇದ್ದ ಒಂದೇ ಸಾಕ್ಷಿ ಆ ಬೆರಳು. ಅದೂ ಮಿಲ್ಲಿನಲ್ಲೇ ಉಳಿಯಿತು.

ಸರಿ, ಹೇಗೋ ತೋರಿಸಿದರು ಅಂದುಕೊಳ್ಳಿ. ಇಂಥ ಕೇಸಿಗೆ ಸಿಗುವುದು ಪ್ಯಾನಲ್ ವಕೀಲರು, ಅಂದರೆ ಪ್ರಾಧಿಕಾರದ ಪಟ್ಟಿಯಲ್ಲಿ ಹೆಸರಿರುವ ಖಾಸಗಿ ವಕೀಲರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಪ್ರಾಧಿಕಾರ ಕೊಡುವ ಫೀಸಿನಲ್ಲಿ ಮನೆ ನಡೆಯುವುದಿಲ್ಲ, ಪಾಪ. ತಮ್ಮ ಕೇಸುಗಳ ನಡುವೆ ಬಿಡುವು ಮಾಡಿಕೊಂಡು ಇದನ್ನೂ ನೋಡಬೇಕು. ಎದುರಿಗೆ ಸಾವ್ಕಾರ್ರ ಪರ ನಿಂತ ಇನ್ಶೂರೆನ್ಸ್ ಕಂಪನಿಯ ವಕೀಲರಿಗೆ ಇದೇ ದಿನದ ಕೆಲಸ.

ಸರ್ಕಾರದ ಹತ್ತಿರ ದುಡ್ಡಿಲ್ಲ ಅನ್ನಬೇಡಿ. 2022ರಲ್ಲಿ ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ ಹೊಸ ಪದ್ಧತಿಯನ್ನೇ ತಂದಿತು. ಪೂರ್ತಿ ಹೊತ್ತಿನ ವಕೀಲರು, ತಿಂಗಳ ಸಂಬಳ, ಕೂರಲು ಕಚೇರಿ. ಹೊರಗಿನ ಕೇಸು ಹಿಡಿಯುವಂತಿಲ್ಲ. 2023-24ರಿಂದ ಮೂರು ವರ್ಷಕ್ಕೆ ಇದಕ್ಕೆ ಅಂತ ಕೇಂದ್ರ ತೆಗೆದಿಟ್ಟದ್ದು 998 ಕೋಟಿ.

ಅಣ್ಣನ ಮುಖ ಅರಳಿತು. ಅದನ್ನು ಬಾಡಿಸುವ ಕೆಲಸವೂ ನನ್ನ ಪಾಲಿಗೇ ಬಂತು. ಅದು ಕ್ರಿಮಿನಲ್ ಕೇಸಿಗೆ ಮಾತ್ರ. ಅದರಲ್ಲೂ ಆರೋಪ ಹೊತ್ತವರಿಗೆ.

ಆರೋಪಿಗೆ ವಕೀಲರು ಬೇಡ ಅಂತಲ್ಲ, ಬೇಕೇ ಬೇಕು. ಜೈಲಿನಲ್ಲಿ ಕೂತವರಲ್ಲೂ ಬಡವರೇ ಜಾಸ್ತಿ ಅಲ್ವಾ? ಆದರೆ ಈಗ ಆಗಿರುವುದು ಇಷ್ಟು: ಸಾವ್ಕಾರ್ರ ಮಿಲ್ಲಿನಲ್ಲಿ ಕೈ ಹೋದರೆ ಬಿಡುವಾದಾಗ ಬರುವ ವಕೀಲರು. ಸಾವ್ಕಾರ್ರ ಮೇಲೆ ಕೈ ಮಾಡಿದರೆ ಪೂರ್ತಿ ಹೊತ್ತಿನವರು.

ಅಣ್ಣ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮೆಣಸಿನಕಾಯಿ ಆರಿಹೋಯಿತು.

"ಹಂಗಾದ್ರೆ ಒಂದು ಬಿಟ್ಟೇ ಬಿಡ್ಲಾ ಸಾರ್?" ಅಂದು ಬಲಗೈ ಮುಷ್ಟಿ ಕಟ್ಟಲು ನೋಡಿದರು. ಸರಿಯಾಗಿ ಕೂಡಲಿಲ್ಲ. ತಿರುಗಿಸಿ ತಿರುಗಿಸಿ ನೋಡಿಕೊಂಡರು. "ಇದ್ರಲ್ಲಿ ಹೊಡೆದ್ರೆ ಏಟು ಬೀಳುತ್ತಾ? ಕೇಸ್ ನಿಲ್ಲುತ್ತಾ?"

ಬಾಣಲೆ ಮುಂದೆ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದ ಅಂಗಡಿ ಹುಡುಗ ಅಂದ: "ಬೀಳುತ್ತೆ ಬಿಡಣ್ಣ. ನೂರಕ್ಕೆ 14 ಕಮ್ಮಿ ಬೀಳುತ್ತೆ, ಅಷ್ಟೇ."